ದಿನದ ಓಡಾಟಕ್ಕೆ ಸಣ್ಣ ಕಾರು: ಕಲಬುರಗಿಯ ಒಂದು ಮನೆಯ ಪ್ರಕರಣ

ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಕೊನೆಗೆ ಕೊಂಡ ಕಾರಿನ ಹೆಸರು, ಶೋರೂಮಿನ ಹೆಸರು ಹೇಳುವುದಿಲ್ಲ. ನಾನು ಕೆಲವು ವರ್ಷ ವರ್ಕ್‌ಶಾಪ್ ಒಂದರಲ್ಲಿ ಸರ್ವಿಸ್ ಅಡ್ವೈಸರ್ ಆಗಿದ್ದವನು. ಈಗಲೂ ಗೊತ್ತಿದ್ದವರು ಕಾರು ಕೊಳ್ಳುವಾಗ ಜೊತೆಗೆ ಕರೆಯುತ್ತಾರೆ. ಹಾಗೆ ಕರೆದ ಮನೆಗಳಲ್ಲಿ ಇದೂ ಒಂದು.

ಮನೆ ಮತ್ತು ದಾರಿ

ಮನೆ ಕಲಬುರಗಿ ನಗರದಲ್ಲಿ. ಯಜಮಾನರು ನೆಹರು ಗಂಜ್‌ನ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಅವರ ಓಡಾಟಕ್ಕೆ ಬೈಕ್ ಇದೆ, ಅದು ಸಾಕು. ಅವರ ಹೆಂಡತಿ, ಅಂದರೆ ಮೇಡಂ, ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಕಚೇರಿಯಲ್ಲಿ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕಿ). ಜೇವರ್ಗಿ, ಚಿತ್ತಾಪುರ, ಆಳಂದ ಮೂರೂ ಕಲಬುರಗಿಯಿಂದ ನಲವತ್ತು ಕಿಲೋಮೀಟರ್ ಆಸುಪಾಸಿನಲ್ಲೇ ಇವೆ. ಅವುಗಳಲ್ಲಿ ಯಾವುದಾದರೂ ಒಂದು ಅಂದುಕೊಳ್ಳಿ. ಮನೆಯಲ್ಲಿ ಎಪ್ಪತ್ತು ದಾಟಿದ ಅತ್ತೆ, ಅವರಿಗೆ ಎರಡೂ ಮೊಣಕಾಲು ನೋವು. ಹೈಸ್ಕೂಲಿಗೆ ಹೋಗುವ ಮಗಳು. ಊರಲ್ಲಿ ಸ್ವಲ್ಪ ಹೊಲ ಇದೆ, ವರ್ಷಕ್ಕೊಮ್ಮೆ ಜೋಳ, ತೊಗರಿ ಮನೆಗೆ ಬರುತ್ತದೆ.

ಬಸ್ಸಿದೆ ಅಲ್ವಾ ಅಂತ ಕೇಳಬಹುದು. ಇದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಮೇಡಂಗೆ ಆ ಬಸ್ಸು ಪುಕ್ಕಟೆಯೂ ಹೌದು. ಆದರೆ ಮನೆಯಿಂದ ಬಸ್ ಸ್ಟ್ಯಾಂಡಿಗೆ ಆಟೋ, ಅಲ್ಲಿ ಸೀಟಿಗಾಗಿ ನೂಕುನುಗ್ಗಲು, ಇಳಿದ ಮೇಲೆ ಕಚೇರಿಗೆ ಇನ್ನೊಂದು ಆಟೋ. ಅದೇ ಕಚೇರಿಗೆ ಕಲಬುರಗಿಯಿಂದಲೇ ಹೋಗಿಬರುವ ಸಹೋದ್ಯೋಗಿಗಳು ಇನ್ನೂ ಮೂವರಿದ್ದರು. ಮೇಡಂ ಕಾರು ಕೊಂಡರೆ ಪೆಟ್ರೋಲ್ ಖರ್ಚು ನಾಲ್ಕು ಪಾಲು ಮಾಡಿಕೊಳ್ಳೋಣ ಅಂತ ಮಾತಾಗಿತ್ತು. ಕಾರಿನ ವಿಚಾರ ಹುಟ್ಟಿದ್ದೇ ಅಲ್ಲಿಂದ. ಮೇಡಂ ಡ್ರೈವಿಂಗ್ ಸ್ಕೂಲಿಗೆ ಹೋಗಿ ಕಲಿತು ಲೈಸೆನ್ಸ್ ಮಾಡಿಸಿಕೊಂಡಿದ್ದರು. ಅದಾದ ಮೇಲೆ ತಮ್ಮನ ಕಾರನ್ನು ಒಂದಷ್ಟು ತಿಂಗಳು ಓಡಿಸಿ ಕೈ ಕುದುರಿಸಿಕೊಂಡಿದ್ದರು.

ಇಲ್ಲಿ ಹೊರಗಿನವರಿಗೆ ಗೊತ್ತಿಲ್ಲದ ಒಂದು ಸಂಗತಿ ಹೇಳಬೇಕು. ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳ ಸಮಯ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30. ಬಿಸಿಲಿನ ಕಾರಣಕ್ಕೆ ಮಾಡಿದ ಏರ್ಪಾಡು. ಊರಲ್ಲೇ ಇರುವವರಿಗೆ ಅದು ಅನುಕೂಲ. ಆದರೆ ನಲವತ್ತು ಕಿಲೋಮೀಟರ್ ವಾಪಸ್ ಬರಬೇಕಾದವರು ಹೊರಡುವುದು ಸರಿಯಾಗಿ ನೆತ್ತಿ ಸುಡುವ ಹೊತ್ತಿಗೆ. ಬೆಳಿಗ್ಗೆಯಿಂದ ಅಂಗಳದಲ್ಲಿ ನಿಂತು ಕಾದ ಕಾರಿನಲ್ಲಿ ನಾಲ್ಕು ಜನ ಕೂರಬೇಕು. ಪಾದರಸ 42, 43 ದಾಟುವ ಊರು ಇದು. ಪ್ರಕರಣದ ಗಂಟು ಇದರಲ್ಲೇ ಇತ್ತು. ಶುರುವಿನಲ್ಲಿ ಯಾರೂ ಇದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಎಲ್ಲರಿಗೂ ಒಂದೊಂದು ಕಾರು

ನಾನು ಹೋಗುವ ಹೊತ್ತಿಗೆ ಮನೆಯಲ್ಲಿ ಮೂರು ಪಂಗಡ ಆಗಿತ್ತು. ಯಜಮಾನರಿಗೆ ಸಣ್ಣ ಎಸ್‌ಯುವಿ ಬೇಕು. "ಎತ್ತರ ಗಾಡಿ ಇದ್ರ ಹೊಲಕ್ಕೂ ಹೋಗತದ, ಮದಿವಿಗೂ ಹೋಗತದ, ಛಲೋ ಅಲ್ರಿ?" ಅಂತ ಅವರ ವಾದ. ಸೋದರಮಾವ ಒಬ್ಬರು ಹೈದರಾಬಾದಿನಲ್ಲಿ ಸೆಕೆಂಡ್ ಹ್ಯಾಂಡ್ ಡೀಸೆಲ್ ಗಾಡಿ ನೋಡಿಟ್ಟಿದ್ದರು. ಮೇಡಂ ಮಾತ್ರ ಸಣ್ಣ ಹ್ಯಾಚ್‌ಬ್ಯಾಕ್, ಅಂದರೆ ಹಿಂದೆ ಡಿಕ್ಕಿ ಚಾಚಿಕೊಂಡಿರದ ಕಾರು, ಸಾಕು ಅನ್ನುತ್ತಿದ್ದರು. ಅವರ ಮಾತನ್ನು ಮನೆಯಲ್ಲಿ ಅಷ್ಟಾಗಿ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಹೈದರಾಬಾದ್ ಗಾಡಿ ಬೇಗ ಪಟ್ಟಿಯಿಂದ ಹೋಯಿತು. ತೆಲಂಗಾಣ ಪಾಸಿಂಗ್ ಗಾಡಿಯನ್ನು ಇಲ್ಲಿ ಕಾಯಂ ಓಡಿಸಬೇಕಾದರೆ ಅಲ್ಲಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಬೇಕು, ಇಲ್ಲಿ ಮತ್ತೆ ನೋಂದಣಿ ಮಾಡಿಸಬೇಕು, ಕರ್ನಾಟಕದ ರಸ್ತೆ ತೆರಿಗೆ ಕಟ್ಟಬೇಕು. ಅಗ್ಗ ಅನ್ನಿಸಿದ ದುಡ್ಡು ಅಲ್ಲೇ ಅರ್ಧ ಕರಗುತ್ತದೆ. ಹೊಸ ಸಣ್ಣ ಡೀಸೆಲ್ ಕಾರು ಸಿಗುತ್ತದಾ ಅಂದರೆ, 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಆ ಜಾತಿಯೇ ಹೆಚ್ಚುಕಡಿಮೆ ಮಾಯ.

ಎಸ್‌ಯುವಿ ಅಷ್ಟು ಸುಲಭಕ್ಕೆ ಹೋಗಲಿಲ್ಲ. ಯಜಮಾನರು ಅಡ್ವಾನ್ಸ್ ಕೊಡುವ ತನಕ ಬಂದಿದ್ದರು. ನಾನು ಅವರಿಗೆ ಬೇಡ ಅನ್ನಲಿಲ್ಲ. ಮೇಡಂಗೆ ಮಾತ್ರ ಒಂದು ಕೆಲಸ ಹೇಳಿದೆ: ಹಿಂದಿನ ಒಂದು ವರ್ಷದಲ್ಲಿ ಮನೆಗೆ ಕಾರು ಬೇಕಾಗಿದ್ದ ದಿನಗಳನ್ನೆಲ್ಲ ನೆನಪಿಸಿಕೊಂಡು ಬರೆಯಿರಿ. ಎಲ್ಲಿಗೆ, ಎಷ್ಟು ಜನ, ಎಷ್ಟು ಸಾಮಾನು, ಯಾರು ಓಡಿಸುತ್ತಿದ್ದರು. ಮಗಳ ಹಳೆ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದು ತಂದರು. ಕಚೇರಿ ಓಡಾಟವೇ ಪುಟ ತುಂಬಿತ್ತು. ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ದದ್ದು ತಿಂಗಳಿಗೊಂದೆರಡು ಸಲ. ಗಾಣಗಾಪುರಕ್ಕೆ ಒಮ್ಮೆ, ಹುಮನಾಬಾದ್ ಜಾತ್ರೆಗೆ ಒಮ್ಮೆ, ಹೊಲಕ್ಕೆ ನಾಲ್ಕೈದು ಸಲ. ಐದು ಜನ ಪೂರಾ ಲಗೇಜಿನೊಂದಿಗೆ ದೂರ ಹೋದದ್ದು ಒಂದೇ ಮದುವೆಗೆ.

ಆ ಹಾಳೆ ನೋಡಿ ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರನ್ನು ಅಲುಗಿಸಿದ್ದು ಓಡಾಟದ ಲೆಕ್ಕ ಅಲ್ಲ, ಕೊನೆಯ ಕಾಲಂ. ಸ್ಟೀರಿಂಗ್ ಹಿಡಿಯುವವರು ಯಾರು ಅನ್ನುವಲ್ಲಿ ಮೇಲಿಂದ ಕೆಳಗಿನವರೆಗೆ ಮೇಡಂ ಹೆಸರೇ ಇತ್ತು. ಅಲ್ಲಿಯವರೆಗೆ ಕಾರು ಆರಿಸುವ ಮಾತೆಲ್ಲ ಗಂಡಸರ ನಡುವೆ ನಡೆದಿತ್ತು. ಇದು ಈ ಒಂದು ಮನೆಯ ಕಥೆ ಅಲ್ಲ. ಓಡಿಸುವವರು ಒಬ್ಬರು, ಆರಿಸುವವರು ಇನ್ನೊಬ್ಬರು ಆಗಿರುವುದನ್ನು ನಾನು ಬಹಳ ಮನೆಗಳಲ್ಲಿ ಕಂಡಿದ್ದೇನೆ.

ದುಡ್ಡಿನ ಲೆಕ್ಕವೂ ಒಂದಿಷ್ಟು ಕೆಲಸ ಮಾಡಿತು. ಕರ್ನಾಟಕದಲ್ಲಿ ಕಾರಿನ ಜೀವಿತಾವಧಿ ತೆರಿಗೆ 5ರಿಂದ 10 ಲಕ್ಷದವರೆಗೆ ಶೇ 14, ಹತ್ತು ದಾಟಿದರೆ ಶೇ 17, ಅದರ ಮೇಲೆ ಸೆಸ್. ಯಜಮಾನರು ಇಷ್ಟಪಟ್ಟ ವೇರಿಯಂಟ್ ಹತ್ತರ ಗೆರೆಯ ಆಚೆ ಇತ್ತು. ಅಲ್ಲಿಗೂ ಹ್ಯಾಚ್‌ಬ್ಯಾಕ್‌ಗೂ ಆನ್‌ರೋಡ್, ಅಂದರೆ ತೆರಿಗೆ, ವಿಮೆ ಎಲ್ಲ ಸೇರಿದ ಬೆಲೆಯಲ್ಲಿ ಅಂತರ ನಾಲ್ಕು ಲಕ್ಷ ಮೀರಿತ್ತು. ವರ್ಷಕ್ಕೊಂದು ಮದುವೆಗೆ ದೊಡ್ಡ ಗಾಡಿ ಬಾಡಿಗೆಗೆ ತಂದರೂ ಆ ದುಡ್ಡು ಮುಗಿಯಲು ಬಹಳ ವರ್ಷ ಬೇಕು.

ಮಧ್ಯಾಹ್ನ ಎರಡರ ಟೆಸ್ಟ್ ಡ್ರೈವ್

ಶೋರೂಮಿನವರು ಟೆಸ್ಟ್ ಡ್ರೈವಿಗೆ ಬೆಳಿಗ್ಗೆ ಹತ್ತೂವರೆಗೆ ಬನ್ನಿ ಅಂದರು. ಎಲ್ಲ ಕಡೆ ಹೀಗೇ. ಕಾರು ನೆರಳಲ್ಲಿ ನಿಂತಿರುತ್ತದೆ, ಎಸಿ ಮೊದಲೇ ಹಾಕಿಟ್ಟಿರುತ್ತಾರೆ, ಪಕ್ಕದಲ್ಲಿ ಅವರ ಹುಡುಗ ಒಬ್ಬ, ರಿಂಗ್ ರೋಡಿನಲ್ಲಿ ಒಂದು ಸುತ್ತು. ಹಾಗೆ ನೋಡಿದರೆ ಯಾವ ಕಾರೂ ಚೆನ್ನಾಗಿಯೇ ಇರುತ್ತದೆ.

ಮಧ್ಯಾಹ್ನ ಎರಡಕ್ಕೇ ಬರುತ್ತೇವೆ, ಕಾರನ್ನು ಒಂದು ಗಂಟೆ ಮೊದಲೇ ಬಿಸಿಲಿಗೆ ನಿಲ್ಲಿಸಿಡಿ ಅಂತ ಕೇಳಿದೆವು. ಒಂದು ಕಡೆ ನಕ್ಕರು, ಇನ್ನೊಂದು ಕಡೆ ಆಗಲ್ಲ ಅಂದರು, ಮೂರನೇ ಕಡೆ ಒಪ್ಪಿದರು. ಆಗಲ್ಲ ಅಂದವರೂ ಎರಡು ದಿನ ಬಿಟ್ಟು ತಾವೇ ಫೋನ್ ಮಾಡಿದರು. ಮಾರ್ಚ್ ಕೊನೆಯ ವಾರ, ಬಿಸಿಲು ಚೆನ್ನಾಗಿಯೇ ಇತ್ತು. ಮೇಡಂ, ಯಜಮಾನರು, ಅತ್ತೆ, ಮಗಳು ನಾಲ್ವರೂ ಬಂದರು. ನಾನು ಹಿಂದಿನ ಸೀಟಿನ ತಲೆದಿಂಬಿಗೆ ಒಂದು ಥರ್ಮಾಮೀಟರ್ ಕಟ್ಟಿದೆ.

ಪಟ್ಟಿಯಲ್ಲಿ ಉಳಿದಿದ್ದವು ಮೂರು ಬಗೆ. ನೆಲಕ್ಕೆ ಹತ್ತಿರ ಕೂರಿಸುವ ಚೂಟಿ ಹ್ಯಾಚ್‌ಬ್ಯಾಕ್ ಒಂದು, ಎತ್ತರದ ಮೈಕಟ್ಟಿನ ಹ್ಯಾಚ್‌ಬ್ಯಾಕ್ ಒಂದು, ಯಜಮಾನರ ಸಮಾಧಾನಕ್ಕೆ ಸಣ್ಣ ಎಸ್‌ಯುವಿ ಒಂದು.

ಮೊದಲು ಅತ್ತೆಯ ಪರೀಕ್ಷೆ. ಮೊಣಕಾಲು ನೋವಿರುವವರು ಕಾರು ಹತ್ತುವುದನ್ನು ನಿಂತು ನೋಡಬೇಕು. ಮೊದಲು ಕಾಲು ಒಳಗಿಡುವುದಿಲ್ಲ. ಬಾಗಿಲ ಚೌಕಟ್ಟು ಹಿಡಿದು ಬೆನ್ನು ತಿರುಗಿಸಿ ನಿಲ್ಲುತ್ತಾರೆ, ಸೊಂಟ ಸೀಟಿಗೆ ತಾಗಿಸುತ್ತಾರೆ, ಕೂತ ಮೇಲೆ ಒಂದೊಂದೇ ಕಾಲನ್ನು ಕೈಯಿಂದ ಎತ್ತಿ ಒಳಗೆ ಎಳೆದುಕೊಳ್ಳುತ್ತಾರೆ. ತಗ್ಗಿನ ಕಾರಿನಲ್ಲಿ ಅತ್ತೆ ಕೂರುವಾಗ ಕೊನೆಯ ಅರ್ಧ ಅಡಿ ಬಿದ್ದಂತೆಯೇ ಕೂತರು. "ಇದ್ರಾಗ ಕುಂತ್ರ ಏಳಲಿಕ್ಕೆ ಇಬ್ರು ಬೇಕಾಗ್ತಾರ ನೋಡ್" ಅಂದರು. ಎಸ್‌ಯುವಿಯಲ್ಲಿ ಬೇರೆ ತೊಂದರೆ. ಸೀಟು ಸೊಂಟಕ್ಕಿಂತ ಮೇಲೆ, ಹೊಸ್ತಿಲೂ ಎತ್ತರ. ಸೀಟಿಗೆ ಒರಗಿ ಮೇಲಕ್ಕೆ ಜರುಗಬೇಕಾಯಿತು. ಎತ್ತರದ ಹ್ಯಾಚ್‌ಬ್ಯಾಕಿನಲ್ಲಿ ಸೀಟು ಸರಿಯಾಗಿ ಅವರ ಸೊಂಟದ ಮಟ್ಟಕ್ಕೇ ಸಿಕ್ಕಿತು. ಯಾರ ಕೈಯನ್ನೂ ಹಿಡಿಯದೆ ಕೂತರು, ಎದ್ದರು, ಇನ್ನೊಮ್ಮೆ ಕೂತು ತೋರಿಸಿದರು. ಕ್ಯಾಟಲಾಗಿನಲ್ಲಿ ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಕಾರಿನ ಅಡಿಗೂ ನಡುವಿನ ಎತ್ತರ) ಇರುತ್ತದೆ, ಸೀಟಿನ ಎತ್ತರ ಇರುವುದಿಲ್ಲ. ಮನೆಯಲ್ಲಿ ವಯಸ್ಸಾದವರಿದ್ದರೆ ಟೇಪು ಹಿಡಿದು ಅಳೆದರೂ ತಪ್ಪಿಲ್ಲ.

ಆಮೇಲೆ ಎಸಿ. ಬಿಸಿಲಲ್ಲಿ ನಿಂತ ಕಾರಿನ ಸ್ಟೀರಿಂಗ್ ಮುಟ್ಟಲು ಆಗದೆ ಮೇಡಂ ಸೆರಗು ಸುತ್ತಿ ಹಿಡಿದರು. ಸಣ್ಣ ಹ್ಯಾಚ್‌ಬ್ಯಾಕ್‌ಗಳಲ್ಲಿ ಬಹುತೇಕ ಹಿಂದಿನವರಿಗೆ ಎಸಿ ಕಿಂಡಿ ಇರುವುದಿಲ್ಲ. ಮುಂದಿನಿಂದ ಬಂದ ಗಾಳಿಯೇ ಹಿಂದಕ್ಕೆ ಹೋಗಬೇಕು. ಎತ್ತರದ ಕಾರಿನಲ್ಲಿ ಗಾಜು ದೊಡ್ಡದು, ಒಳಗಿನ ಜಾಗವೂ ದೊಡ್ಡದು, ತಂಪಾಗಲು ಹೊತ್ತು ಹಿಡಿಯುತ್ತದೆ. ಮುಂದಿನವರು ಸಾಕು ಅಂದಾಗ ಹಿಂದೆ ಇನ್ನೂ ಧಗೆ ಇತ್ತು. ಹಿಂದೆ ಕೂತ ಯಜಮಾನರ ಅಂಗಿ ಬೆನ್ನಿಗೆ ಅಂಟಿತ್ತು. ಈ ಒಂದು ವಿಷಯದಲ್ಲಿ ಎಸ್‌ಯುವಿ ಗೆದ್ದಿತು, ಅದರಲ್ಲಿ ಹಿಂದೆಯೂ ಕಿಂಡಿ ಇತ್ತು. ಇದನ್ನು ಹಾಗೇ ಬರೆದಿಟ್ಟುಕೊಂಡೆವು.

ಎಂಜಿನ್ನಿನ ತೀರ್ಮಾನವೂ ಅದೇ ಹೊತ್ತಿಗೆ ಆಯಿತು. ಎತ್ತರದ ಕಾರಿನಲ್ಲಿ ಎರಡು ಎಂಜಿನ್ ಸಿಗುತ್ತಿತ್ತು, ಒಂದು ಲೀಟರಿನದು, 1.2 ಲೀಟರಿನದು. ಕಾಗದದ ಮೇಲೆ ಒಂದು ಲೀಟರಿನದು ಮೈಲೇಜಿನಲ್ಲಿ ಸ್ವಲ್ಪ ಮುಂದೆ, ಬೆಲೆಯಲ್ಲಿ ಕಡಿಮೆ. ಒಬ್ಬರೇ ಕೂತು ಓಡಿಸಿದರೆ ಯಾವ ದೂರೂ ಇಲ್ಲ. ಆದರೆ ನಾಲ್ಕು ಜನ, ಎಸಿ ಪೂರ್ತಿ, ರೈಲ್ವೆ ಮೇಲ್ಸೇತುವೆಯ ಏರು. ಎಸಿಯ ಕಂಪ್ರೆಸರ್ ಕೆಲಸ ಶುರುಮಾಡಿದ ಕ್ಷಣ ಕಾರು ಹಿಂದಕ್ಕೆ ಜಗ್ಗಿದಂತಾಯಿತು, ಎರಡನೇ ಗೇರಿಗೆ ಇಳಿಸಬೇಕಾಯಿತು. 1.2ರಲ್ಲಿ ಮೂರನೇ ಗೇರಿನಲ್ಲೇ ಹತ್ತಿತು. ದಿನಾ ನಾಲ್ಕು ಜನ ಕೂರುವ ಕಾರಿಗೆ ಸಣ್ಣ ಎಂಜಿನ್ ಉಳಿತಾಯ ಅಲ್ಲ. ಅದನ್ನು ಒತ್ತಿ ಒತ್ತಿ ಓಡಿಸಬೇಕಾಗುತ್ತದೆ, ಉಳಿಯುವ ಪೆಟ್ರೋಲ್ ಅಲ್ಲೇ ಹೋಗುತ್ತದೆ.

ಆಟೋಮ್ಯಾಟಿಕ್ ಬೇಕು ಅಂತ ಯಜಮಾನರ ಆಸೆ. ಈ ಬೆಲೆಯಲ್ಲಿ ಸಿಗುವುದು ಎಎಂಟಿ, ಅಂದರೆ ಅದೇ ಮ್ಯಾನ್ಯುಯಲ್ ಗೇರ್‌ಬಾಕ್ಸಿಗೆ ಕ್ಲಚ್ಚು ಮತ್ತು ಗೇರನ್ನು ಯಂತ್ರವೇ ಹಾಕುವ ವ್ಯವಸ್ಥೆ. ಅರ್ಧ ಲಕ್ಷದಷ್ಟು ಜಾಸ್ತಿ. ಸೂಪರ್ ಮಾರ್ಕೆಟ್ ಕಡೆಯ ಸಂದಣಿಯಲ್ಲಿ ಅದು ಹಾಯಾಗಿತ್ತು. ಮೇಡಂ ಅದನ್ನು ಹೈವೇಗೂ ತೆಗೆದುಕೊಂಡು ಹೋದರು. ಸಿಮೆಂಟ್ ಲಾರಿಯೊಂದರ ಹಿಂದೆ ಬಿದ್ದು ಓವರ್‌ಟೇಕಿಗೆ ಆಕ್ಸಿಲರೇಟರ್ ಒತ್ತಿದಾಗ ಕಾರು ಒಂದು ಗಳಿಗೆ ಯೋಚನೆ ಮಾಡಿ ಗೇರು ಇಳಿಸಿತು. ಆ ಒಂದು ಗಳಿಗೆ ಅವರಿಗೆ ಹಿಡಿಸಲಿಲ್ಲ. "ಗೇರು ನನ್ನ ಕೈಯಾಗೇ ಇರ್ಲಿ" ಅಂದರು. ಸೇಡಂ, ವಾಡಿ, ಶಹಾಬಾದ್ ಕಡೆಯ ಲಾರಿಗಳ ನಡುವೆ ದಿನಾ ಓಡಾಡುವವರು ಹೀಗೆ ಅಂದರೆ ನಾನು ಎದುರು ಮಾತಾಡುವುದಿಲ್ಲ. ದಿನವಿಡೀ ಊರೊಳಗೇ ಸುತ್ತುವವರಿಗಾದರೆ ಎಎಂಟಿಯನ್ನೇ ಹೇಳುತ್ತೇನೆ.

ಎರಡು ಕಡೆ ಎಳೆದಾಟ

ಸಿಎನ್‌ಜಿ, ಅಂದರೆ ಸಿಲಿಂಡರಿನಲ್ಲಿ ಒತ್ತಿ ತುಂಬುವ ನೈಸರ್ಗಿಕ ಅನಿಲದ ವಿಷಯದಲ್ಲಿ ಲೆಕ್ಕ ಒಂದು ಕಡೆ, ಮನಸ್ಸು ಒಂದು ಕಡೆ ಆಯಿತು. ದಿನಕ್ಕೆ ಎಂಬತ್ತು ಕಿಲೋಮೀಟರ್ ಓಡುವ ಕಾರಿಗೆ ಸಿಎನ್‌ಜಿ ಕಣ್ಣುಮುಚ್ಚಿ ಲಾಭ. ಖರ್ಚೊಂದನ್ನೇ ನೋಡಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಡಿಕ್ಕಿಯನ್ನು ಸಿಲಿಂಡರ್ ನುಂಗುತ್ತದೆ, ಜೋಳದ ಚೀಲ ಇಡಲು ಆಗಲ್ಲ ಅಂತ ಯಜಮಾನರು ಹೇಳಿದರು. ಆದರೆ ಚೀಲ ಬರುವುದು ವರ್ಷಕ್ಕೊಂದೆರಡು ಸಲ, ಅದಕ್ಕಾಗಿ ಸಿಎನ್‌ಜಿ ಬಿಡುವುದು ನ್ಯಾಯ ಅಲ್ಲ. ನಿಜವಾದ ಅಡ್ಡಿ ಎರಡು. ಈ ಕಾರಿನಲ್ಲಿ ಸಿಎನ್‌ಜಿ ಕೊಡುತ್ತಿದ್ದದ್ದು ಒಂದು ಲೀಟರಿನ ಎಂಜಿನ್ನಿಗೆ ಮಾತ್ರ, ಗ್ಯಾಸಿನಲ್ಲಿ ಅದರ ಶಕ್ತಿ ಇನ್ನಷ್ಟು ಇಳಿಯುತ್ತದೆ. ಮೇಲ್ಸೇತುವೆಯಲ್ಲಿ ಏದುಸಿರು ಬಿಟ್ಟ ಎಂಜಿನ್ ಅದೇ. ಎರಡನೆಯದು, ಪಂಪ್ ಇದ್ದದ್ದು ಅವರ ದಾರಿಗೆ ಪೂರಾ ವಿರುದ್ಧ ದಿಕ್ಕಿಗೆ. ಬೆಳಿಗ್ಗೆ ಏಳಕ್ಕೆ ಹೊರಡುವ ದಿನಗಳಲ್ಲಿ ಅತ್ತ ಹೋಗಿ ಸಾಲಿನಲ್ಲಿ ನಿಲ್ಲಲು ಯಾರಿಂದ ಆಗುತ್ತದೆ? ಬಿಟ್ಟೆವು. ದಾರಿಯಲ್ಲೇ ಪಂಪ್ ಇದ್ದು, ಇಬ್ಬರೇ ಓಡಾಡುವವರಾಗಿದ್ದರೆ ಉತ್ತರ ಬೇರೆ ಇರುತ್ತಿತ್ತು.

ಸುರಕ್ಷತೆ ಇದಕ್ಕಿಂತ ಕಷ್ಟದ ಮಾತು. ಮೇಡಂ ಅವರ ತಮ್ಮ ಪುಣೆಯಲ್ಲಿ ಕೆಲಸ ಮಾಡುತ್ತಾನೆ. ಅವನು ಫೋನ್ ಮಾಡಿ ಕ್ರ್ಯಾಶ್ ಟೆಸ್ಟ್ ಸ್ಟಾರ್‌ಗಳನ್ನು ಓದಿ ಹೇಳಿದ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಕಾರನ್ನು ಗುದ್ದಿಸಿ ನೋಡಿ ಐದರವರೆಗೆ ಸ್ಟಾರ್ ಕೊಡುವ ಗ್ಲೋಬಲ್ ಎನ್‌ಸಿಎಪಿ ಸಂಸ್ಥೆಯ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ ಟಾಟಾ ಟಿಯಾಗೊಗೆ 2020ರಲ್ಲಿ ನಾಲ್ಕು ಸ್ಟಾರ್, ಟಾಟಾ ಪಂಚ್‌ಗೆ 2021ರಲ್ಲಿ ಐದು ಸ್ಟಾರ್, ಮಾರುತಿ ವ್ಯಾಗನ್‌ಆರ್‌ಗೆ 2023ರಲ್ಲಿ ಒಂದು ಸ್ಟಾರ್ ಬಂದಿತ್ತು. ನಾಲ್ಕು ಮೀಟರಿನೊಳಗಿನ ಕಾರುಗಳೆಲ್ಲ ಒಂದೇ ಅನ್ನುವವರು ಈ ಸಾಲನ್ನು ಒಮ್ಮೆ ನೋಡಬೇಕು. ಈ ಮನೆಯವರಿಗೆ ಹೊಂದಿದ ಕಾರು ಸ್ಟಾರ್ ಲೆಕ್ಕದಲ್ಲಿ ಹಿಂದಿನ ಸಾಲಿನದು. ನಾನು ಅದನ್ನು ಮುಚ್ಚಿಡಲಿಲ್ಲ. ಏರ್‌ಬ್ಯಾಗ್ ಎಷ್ಟಿದ್ದರೂ ಕಾರಿನ ಮೈ ಗಟ್ಟಿ ಆಗುವುದಿಲ್ಲ, ಇದನ್ನು ತಿಳಿದೇ ತಗೊಳ್ಳಿ ಅಂದೆ.

ಮೇಡಂ ಒಂದು ವಾರ ತಡೆದರು. ಸ್ಟಾರ್ ಜಾಸ್ತಿ ಇದ್ದ ಹ್ಯಾಚ್‌ಬ್ಯಾಕಿನಲ್ಲಿ ಅತ್ತೆಯನ್ನು ಮತ್ತೊಮ್ಮೆ ಕೂರಿಸಿ ನೋಡಿದರು. ಕೊನೆಗೆ ಎತ್ತರದ ಕಾರೇ ಇರಲಿ ಅಂದರು, ಆದರೆ ತಾವೇ ಎರಡು ಷರತ್ತು ಹಾಕಿಕೊಂಡರು. ಹಿಂದೆ ಕೂತವರೂ ಬೆಲ್ಟ್ ಹಾಕದೆ ಗಾಡಿ ಹೊರಡುವುದಿಲ್ಲ. ವೇಗದ ಮುಳ್ಳು ಎಂಬತ್ತು ದಾಟುವುದಿಲ್ಲ. ನಾನಾಗಿದ್ದರೆ ಬಹುಶಃ ಸ್ಟಾರ್ ಇರುವುದನ್ನೇ ಆರಿಸುತ್ತಿದ್ದೆ. ಆದರೆ ಆ ಕಾರಿನಲ್ಲಿ ದಿನಾ ಕೂರುವುದು ನಾನಲ್ಲ, ನನ್ನ ಮೊಣಕಾಲೂ ನೋಯುವುದಿಲ್ಲ.

2024ರ ಯುಗಾದಿಗೆ ಬಿಳಿ ಬಣ್ಣದ, 1.2 ಲೀಟರ್ ಪೆಟ್ರೋಲ್, ಮ್ಯಾನ್ಯುಯಲ್ ಕಾರು ಮನೆಗೆ ಬಂತು. ಆನ್‌ರೋಡ್ ಎಂಟು ಲಕ್ಷದ ಆಸುಪಾಸು. ಮಗಳಿಗೆ ಕಪ್ಪು ಬಣ್ಣ ಬೇಕಿತ್ತು. ಕಲಬುರಗಿಯಲ್ಲಿ ಕಪ್ಪು ಕಾರು ಯಾಕೆ ಬೇಡ ಅಂತ ಆ ಹುಡುಗಿಗೆ ವಿವರಿಸಿ ಹೇಳಬೇಕಾಗಲಿಲ್ಲ. ಶೋರೂಮಿನ ಅಂಗಳದಲ್ಲಿ ಪಕ್ಕಪಕ್ಕ ನಿಂತಿದ್ದ ಎರಡು ಬಾನೆಟ್‌ಗಳ ಮೇಲೆ ಕೈ ಇಟ್ಟು ನೋಡಿದಳು, ಅಷ್ಟೇ.

ಎರಡು ಬೇಸಿಗೆ, ಎರಡು ಮಳೆಗಾಲ

ಮೊದಲ ಬೇಸಿಗೆ ಅಂದುಕೊಂಡ ಹಾಗೇ ಹಿಂದಿನ ಸೀಟಿನವರಿಗೆ ಕಷ್ಟ ಆಯಿತು. ಅದಕ್ಕೆ ದುಡ್ಡಿಲ್ಲದ ಉಪಾಯಗಳೇ ಕೆಲಸಕ್ಕೆ ಬಂದವು. ಕಚೇರಿ ಅಂಗಳದಲ್ಲಿ ಬೇವಿನ ಗಿಡದ ನೆರಳು ಮಧ್ಯಾಹ್ನ ಯಾವ ಕಡೆ ಬೀಳುತ್ತದೆ ಅಂತ ನೋಡಿ ಬೆಳಿಗ್ಗೆಯೇ ಅಲ್ಲಿ ನಿಲ್ಲಿಸುವುದು. ಸ್ಟೀರಿಂಗ್ ಮೇಲೆ ಟವೆಲ್. ಹೊರಡುವ ಮೊದಲು ಎರಡೂ ಕಡೆಯ ಬಾಗಿಲು ತೆರೆದು ಧಗೆ ಹೊರಗೆ ಬಿಡುವುದು. ಮೊದಲ ಎರಡು ಮೂರು ನಿಮಿಷ ಗಾಜು ಇಳಿಸಿಯೇ ಎಸಿ ಹಾಕಿ ಓಡಿಸುವುದು, ಆಮೇಲೆ ಗಾಜು ಏರಿಸಿ ಒಳಗಿನ ಗಾಳಿಯನ್ನೇ ತಿರುಗಿಸುವ ಬಟನ್ ಒತ್ತುವುದು. ಎಷ್ಟೋ ಜನ ಕಾರು ಏರಿದ ಕೂಡಲೇ ಗಾಜು ಮುಚ್ಚಿ ಆ ಬಟನ್ ಒತ್ತುತ್ತಾರೆ. ಸುಟ್ಟ ಗಾಳಿಯನ್ನೇ ಸುತ್ತಿಸಿ ಸುತ್ತಿಸಿ ತಂಪು ಮಾಡಲು ಎಸಿ ಒದ್ದಾಡುತ್ತದೆ. ಗಾಜಿಗೆ ಕಪ್ಪು ಫಿಲ್ಮ್ ಹಾಕಿಸೋಣ ಅಂತ ಸಹೋದ್ಯೋಗಿಯೊಬ್ಬರು ಹೇಳಿದ್ದರು. 2012ರಲ್ಲೇ ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮ್ ನಿಷೇಧಿಸಿದೆ, ದಾರಿಯಲ್ಲಿ ದಂಡ ಕಟ್ಟುತ್ತಾ ಕೂರುವುದು ಬೇಡ ಅಂತ ಬಿಟ್ಟರು.

ಮೈಲೇಜಿನ ಬಗ್ಗೆ ಯಜಮಾನರಿಗೆ ಬೇಸರ ಇತ್ತು. ಕಂಪನಿ ಹೇಳಿದ್ದು 23ಕ್ಕಿಂತ ಮೇಲೆ. ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ ಲೆಕ್ಕ ಹಾಕಿದರೆ ಬೇಸಿಗೆಯಲ್ಲಿ 18, ಚಳಿಗಾಲದಲ್ಲಿ 21 ಹತ್ತಿರ ಬಂತು. ಅಂಗಡಿ ಲೆಕ್ಕ ಬರೆಯುವ ಮನುಷ್ಯ, ಬಿಡುತ್ತಾರಾ? ಕಂಪನಿಯ ಅಂಕಿ ಬರುವುದು ಪ್ರಯೋಗಾಲಯದ ರೋಲರ್‌ಗಳ ಮೇಲೆ ಓಡಿಸಿ, ಎಸಿ ಬಂದ್ ಮಾಡಿ. ವೇಗ 90 ದಾಟುವುದಿಲ್ಲ, ನಾಲ್ಕು ಜನರ ಭಾರವೂ ಇರುವುದಿಲ್ಲ. ಜೊತೆಗೆ ಈಗ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಬೆರೆಸುತ್ತಾರೆ. ಎಥೆನಾಲಿನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆ. ಹಾಗಾಗಿ ನಾಲ್ಕು ಜನ ಕೂತು ಎಸಿ ಹಾಕಿ ಬಂದ 18 ಕಳಪೆ ಏನಲ್ಲ. ನಾಲ್ಕು ಪಾಲು ಮಾಡಿದಾಗ ತಲೆಗೆ ದಿನಕ್ಕೆ ನೂರು ರೂಪಾಯಿಯ ಸುತ್ತ ಬೀಳುತ್ತಿತ್ತು. ಅದೂ ಜಾಸ್ತಿ ಆಯಿತು ಅಂತ ಒಬ್ಬ ಸಹೋದ್ಯೋಗಿ ಮಳೆಗಾಲದಲ್ಲಿ ಪುಕ್ಕಟೆ ಬಸ್ಸಿಗೆ ಮರಳಿದರು, ಮುಂದಿನ ಏಪ್ರಿಲ್‌ಗೆ ಮತ್ತೆ ಕಾರಿಗೆ ಬಂದರು.

ರಸ್ತೆಯ ಕಥೆ ಬೇರೆ. ನಮ್ಮದು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಮೇಲೆ ಹಾಕಿದ ಡಾಂಬರು ಅಲೆಅಲೆಯಾಗುತ್ತದೆ. ಸಣ್ಣ ಗಾಲಿಯ ಹಗುರ ಕಾರು ಆ ಅಲೆಗಳ ಮೇಲೆ ಕುಣಿಯುತ್ತದೆ. ಅರವತ್ತರವರೆಗೆ ತೊಂದರೆ ಇಲ್ಲ, ಎಂಬತ್ತಕ್ಕೆ ಹಿಂದೆ ಕೂತವರಿಗೆ ತಿಳಿಯುತ್ತದೆ. ಹಳ್ಳಿಗಳಲ್ಲಿ ಜನರೇ ಹಾಕಿಕೊಂಡ ಹಂಪುಗಳು ಇನ್ನೊಂದು ಸಮಸ್ಯೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮದ ಪ್ರಕಾರ ಹಂಪಿನ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್ ಇರಬೇಕು. ನಮ್ಮ ದಾರಿಗಳಲ್ಲಿ ಅಡ್ಡಗೋಡೆ ಮಲಗಿಸಿದಂತೆ ಇರುತ್ತವೆ. ಕ್ಯಾಟಲಾಗಿನ ಗ್ರೌಂಡ್ ಕ್ಲಿಯರೆನ್ಸ್ ಖಾಲಿ ಕಾರಿನದು. ನಾಲ್ಕು ಜನ ಕೂತಾಗ ಅಡಿ ತಾಗಲಿಲ್ಲ. ಐದು ಜನ ಕೂತು ಹೊಲದಿಂದ ಎರಡು ಚೀಲ ಜೋಳ ಹೇರಿಕೊಂಡು ಬಂದ ದಿನ ಎರಡು ಕಡೆ ಕೆರೆಯಿತು. ಸ್ಪ್ರಿಂಗಿನ ನಡುವೆ ರಬ್ಬರ್ ತುರುಕಿಸಿ ಎತ್ತರ ಮಾಡಿಸೋಣ ಅಂತ ಯಜಮಾನರು ಕೇಳಿದರು. ಬೇಡ ಅಂದೆ. ವರ್ಷಕ್ಕೊಂದು ದಿನದ ಕೆರೆತ ತಪ್ಪಿಸಲು ಉಳಿದ ದಿನಗಳ ಹಿಡಿತ ಕೆಡಿಸಿಕೊಳ್ಳುವುದು ಯಾಕೆ? ಈಗ ಚೀಲಗಳು ಊರಿನ ಟಂಟಂನಲ್ಲಿ ಬರುತ್ತವೆ.

ಮನೆ ಮುಂದಿನ ಮೆಟ್ಟಿಲಿಗೆ ಹಾಸಿದ ಫರ್ಸಿ ಕಲ್ಲಿನ ಅಂಚಿಗೆ ತಾಗಿ ಒಂದು ಟೈರಿನ ಪಕ್ಕೆ ಸೀಳಿತು. ಪಕ್ಕೆ ಸೀಳಿದರೆ ಪಂಕ್ಚರ್ ಅಂಗಡಿಯಲ್ಲಿ ಏನೂ ಮಾಡಲಾಗದು, ಹೊಸದೇ ಹಾಕಿಸಬೇಕು. ಹದಿನಾಲ್ಕು ಇಂಚಿನ ಗಾಲಿ ಆದದ್ದಕ್ಕೆ ಕಡಿಮೆಯಲ್ಲಿ ಮುಗಿಯಿತು. ಟಾಪ್ ವೇರಿಯಂಟಿನ ದೊಡ್ಡ ಅಲಾಯ್ ಚೆಂದ ಕಾಣುತ್ತದೆ, ಟೈರಿನ ಬಿಲ್ಲು ಬಂದಾಗ ಅಷ್ಟು ಚೆಂದ ಕಾಣುವುದಿಲ್ಲ.

ಡಿಸೆಂಬರ್‌ನಲ್ಲಿ ಒಂದು ಸಂಜೆ ಕಚೇರಿಯಲ್ಲಿ ತಡವಾಗಿ, ಕತ್ತಲಲ್ಲಿ ಬರಬೇಕಾಯಿತು. ಕಬ್ಬಿನ ಹಂಗಾಮು. ಎರಡೆರಡು ಟ್ರೈಲರ್ ಕಟ್ಟಿಕೊಂಡು, ಹಿಂದೆ ಒಂದೂ ದೀಪ ಇಲ್ಲದೆ ಹೋಗುವ ಟ್ರ್ಯಾಕ್ಟರ್‌ಗಳು. ಒಂದರ ಹಿಂದೆ ಕೊನೇ ಗಳಿಗೆಯಲ್ಲಿ ಬ್ರೇಕ್ ಹಾಕಿದರು. ಬಯಲಿನ ಗಾಳಿ, ಎದುರು ಲಾರಿ ದಾಟಿದಾಗಿನ ಹೊಡೆತ, ಎತ್ತರದ ಹಗುರ ಕಾರು ಪಕ್ಕಕ್ಕೆ ಸರಿದಂತಾಗುತ್ತದೆ. ಮೇಡಂ ಹೆದರಿದ್ದರು. ಆಮೇಲೆ ಒಂದು ಭಾನುವಾರ ಖಾಲಿ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಓವರ್‌ಟೇಕ್ ಮಾಡುವುದು, ದೂರ ಬಿಟ್ಟು ಹಿಂಬಾಲಿಸುವುದನ್ನು ಅಭ್ಯಾಸ ಮಾಡಿಸಿದೆ. ಹಂಗಾಮಿನ ದಿನಗಳಲ್ಲಿ ಕತ್ತಲಾದರೆ ಈಗ ಅವರು ಕಾರನ್ನು ಕಚೇರಿಯಲ್ಲೇ ಬಿಟ್ಟು ಬಸ್ಸಿಗೆ ಬರುತ್ತಾರೆ. ನನ್ನ ಪ್ರಕಾರ ಅವರು ಮಾಡಿದ ಎಲ್ಲ ತೀರ್ಮಾನಗಳಲ್ಲಿ ಇದೇ ಜಾಣ ತೀರ್ಮಾನ.

ಎಸಿ ಕೈಕೊಟ್ಟಾಗ

2025ರ ಏಪ್ರಿಲ್‌ನಲ್ಲಿ, ಎರಡನೇ ಬೇಸಿಗೆ ಶುರುವಾದ ಕೂಡಲೇ, ಎಸಿ ಸೋತಿತು. ಗಾಳಿ ಸಣ್ಣಗೆ ಬರುತ್ತಿತ್ತು, ನಿಂತಾಗ ಬಿಸಿ, ಓಡುವಾಗ ಅಷ್ಟಿಷ್ಟು ತಂಪು. ಒಂದು ವರ್ಕ್‌ಶಾಪಿನಲ್ಲಿ ಗ್ಯಾಸ್ ಖಾಲಿ ಆಗಿದೆ, ತುಂಬಿಸಬೇಕು ಅಂದರು. ಕಾರು ಮಾರಿ ಹಿಂದೆ ಎಸಿ ಕಿಂಡಿ ಇರುವ ಗಾಡಿ ತಗೊಳ್ಳೋಣ ಅನ್ನುವ ಮಾತು ಮನೆಯಲ್ಲಿ ಮತ್ತೆ ಎದ್ದಿತು. ಯಜಮಾನರು ಹಳೆ ಎಸ್‌ಯುವಿಯ ಕ್ಯಾಟಲಾಗ್ ಹುಡುಕಿ ತೆಗೆದಿಟ್ಟಿದ್ದರು.

ಎಸಿ ಗ್ಯಾಸು ಪೆಟ್ರೋಲಿನಂತೆ ಉರಿದು ಖಾಲಿ ಆಗುವಂಥದ್ದಲ್ಲ. ಅದು ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಿರುತ್ತದೆ. ವರ್ಷದೊಳಗೆ ಅಷ್ಟು ಕಡಿಮೆ ಆಗಿದ್ದರೆ ಎಲ್ಲೋ ಸೋರಿಕೆ ಇರಬೇಕು. ಆ ಸೋರಿಕೆ ಹುಡುಕದೆ ತುಂಬಿಸಿದರೆ ಮುಂದಿನ ತಿಂಗಳು ಮತ್ತೆ ಅದೇ ಪಾಡು. ನಾನು ಮೊದಲು ಗ್ಲೋವ್ ಬಾಕ್ಸ್ ಕಳಚಿ ಒಳಗಿನ ಫಿಲ್ಟರ್ ಎಳೆದೆ. ಅದರ ಮಡಿಕೆಗಳು ಬೂದಿ ಬಣ್ಣದ ಧೂಳಿನಿಂದ ಗಟ್ಟಿಯಾಗಿ ಮೆತ್ತಿಕೊಂಡಿದ್ದವು. ಸಿಮೆಂಟ್ ಲಾರಿಗಳ ಹಿಂದೆ ವರ್ಷ ಓಡಿದ ಕಾರಿನಲ್ಲಿ ಬೇರೆ ಏನು ಇರುತ್ತದೆ? ಬಂಪರಿನ ಹಿಂದೆ ಟಾರ್ಚ್ ಹಿಡಿದು ನೋಡಿದರೆ ಎಸಿಯ ಬಿಸಿಯನ್ನು ಹೊರಗೆ ಬಿಡುವ ಕಂಡೆನ್ಸರಿನ ಜಾಲರಿ ತುಂಬ ಎರೆಮಣ್ಣು, ಹುಲ್ಲಿನ ಕಡ್ಡಿ, ಹುಳು. ಗಾಳಿ ಒಳಗೆ ಹೋಗಲು ದಾರಿಯೇ ಇರಲಿಲ್ಲ. ಕಾರು ನಿಂತಾಗ ಬಿಸಿ, ಓಡುವಾಗ ತಂಪು ಅಂದರೆ ಮೊದಲು ಅನುಮಾನ ಪಡಬೇಕಾದದ್ದು ಕಂಡೆನ್ಸರ್ ಮತ್ತು ಅದರ ಫ್ಯಾನಿನ ಮೇಲೆ. ಫಿಲ್ಟರ್ ಹೊಸದು ಹಾಕಿ, ಜಾಲರಿಯನ್ನು ಸಣ್ಣ ಒತ್ತಡದ ನೀರಲ್ಲಿ ತೊಳೆಸಿದೆವು. ಜೋರು ಪ್ರೆಶರ್ ಹಿಡಿದರೆ ಜಾಲರಿಯ ಎಲೆಗಳು ಮಡಚಿಕೊಳ್ಳುತ್ತವೆ. ಎಸಿ ಮೊದಲಿನಂತಾಯಿತು, ಗ್ಯಾಸ್ ಮುಟ್ಟಲೇ ಇಲ್ಲ. ಕಾರು ಮಾರುವ ಮಾತು ಅಲ್ಲಿಗೆ ನಿಂತಿತು.

ಅಂದಿನಿಂದ ಅವರು ಪ್ರತಿ ಮಾರ್ಚ್‌ನಲ್ಲಿ ಈ ಎರಡು ಕೆಲಸ ಮಾಡಿಸುತ್ತಾರೆ. ಟೈರಿನ ಗಾಳಿಯನ್ನೂ ಬೆಳಿಗ್ಗೆ, ಓಡಿಸುವ ಮೊದಲು ನೋಡುತ್ತಾರೆ. ಐದಾರು ಡಿಗ್ರಿ ಬಿಸಿ ಏರಿದರೆ ಒತ್ತಡ ಒಂದು ಪಿಎಸ್‌ಐ ಏರುತ್ತದೆ. ಮಧ್ಯಾಹ್ನ ನೋಡಿ ಜಾಸ್ತಿ ಇದೆ ಅಂತ ಇಳಿಸಿದರೆ ಮರುದಿನ ಬೆಳಿಗ್ಗೆ ಕಡಿಮೆ ಗಾಳಿಯಲ್ಲಿ ಓಡಿಸಿದಂತೆ.

ಇದರಿಂದ ತಿಳಿದದ್ದು

ದಿನದ ಕಾರನ್ನು ತೂಗಬೇಕಾದದ್ದು ವರ್ಷದ ದೊಡ್ಡ ಪ್ರಯಾಣದಿಂದಲ್ಲ, ದಿನದ ಕೆಟ್ಟ ಗಂಟೆಯಿಂದ. ಈ ಮನೆಗೆ ಅದು ಮಧ್ಯಾಹ್ನ ಎರಡು ಗಂಟೆ, ನಾಲ್ಕು ಜನ. ಆ ಗಂಟೆಯಲ್ಲಿ ಪರೀಕ್ಷೆ ಮಾಡದೆ ಹೋಗಿದ್ದರೆ ಒಂದು ಲೀಟರಿನ ಎಂಜಿನ್ನೋ, ಸಿಎನ್‌ಜಿಯೋ ತಂದು ಮೊದಲ ಮೇ ತಿಂಗಳಲ್ಲೇ ಜಗಳ ಆಗುತ್ತಿತ್ತು. ಹಿಂದಿನ ಸೀಟು ಧಗೆ ಅನ್ನುವುದು ಮೊದಲೇ ಗೊತ್ತಿದ್ದರಿಂದ ಯಾರೂ ಮೋಸ ಹೋದಂತೆ ಅಂದುಕೊಳ್ಳಲಿಲ್ಲ. ಗೊತ್ತಿದ್ದೇ ತಂದ ಕೊರತೆಗೆ ಜನ ಉಪಾಯ ಹುಡುಕುತ್ತಾರೆ, ಆಮೇಲೆ ಕಂಡ ಕೊರತೆಗೆ ಕಾರನ್ನು ಬೈಯುತ್ತಾರೆ.

ಈಗ ಕೊಳ್ಳುವವರಿಗೆ ಲೆಕ್ಕ ಸ್ವಲ್ಪ ಬದಲಾಗಿದೆ. ಇವರು ಕೊಂಡಾಗ ಸಣ್ಣ ಪೆಟ್ರೋಲ್ ಕಾರಿಗೆ ಜಿಎಸ್‌ಟಿ ಶೇ 28, ಮೇಲೆ ಒಂದು ಸೆಸ್. 2025ರ ಸೆಪ್ಟೆಂಬರ್ 22ರಿಂದ ಅದು ಶೇ 18. ಉಳಿದ ದುಡ್ಡನ್ನು ಟಚ್‌ಸ್ಕ್ರೀನಿಗೆ ಸುರಿಯುವ ಬದಲು ಸ್ಟಾರ್ ಜಾಸ್ತಿ ಇರುವ ಕಾರಿಗೆ ಹಾಕಿ ಅಂತ ನಾನು ಹೇಳುತ್ತೇನೆ.

ಎಲ್ಲರಿಗೂ ಇದೇ ಕಾರು ಅಂತಲೂ ಅಲ್ಲ. ಈ ಮೇಡಂ ಕಾರು ನೋಡಿ ಬೀದರಿನ ಅವರ ಸಂಬಂಧಿಕರೊಬ್ಬರು ಅದನ್ನೇ ಬುಕ್ ಮಾಡಲು ಹೊರಟಿದ್ದರು. ಅವರು ವ್ಯಾಪಾರಕ್ಕೆ ವಾರಕ್ಕೆರಡು ಸಲ ಹೈದರಾಬಾದಿಗೆ ಹೋಗುತ್ತಾರೆ, ಹೆಚ್ಚಾಗಿ ಒಬ್ಬರೇ, ಬರುವುದು ರಾತ್ರಿ. ಅವರ ಕೆಟ್ಟ ಗಂಟೆ ರಾತ್ರಿ ಹತ್ತರ ಹೈವೇ. ಅಲ್ಲಿ ಬೇಕಾದದ್ದು ನೆಲ ಕಚ್ಚಿ ಓಡುವ, ಮೈ ಗಟ್ಟಿ ಇರುವ, ದೀಪ ಚೆನ್ನಾಗಿರುವ ಕಾರು. ಸೀಟಿನ ಎತ್ತರ ಅವರಿಗೆ ಯಾವ ಲೆಕ್ಕಕ್ಕೂ ಇಲ್ಲ. ಬುಕಿಂಗ್ ನಿಲ್ಲಿಸಿ, ಮೊದಲು ರಾತ್ರಿ ಟೆಸ್ಟ್ ಡ್ರೈವ್ ಕೊಡುತ್ತಾರಾ ಕೇಳಿ ಅಂದೆ. ಅವರು ಇನ್ನೂ ಶೋರೂಮಿನವರ ಜೊತೆ ಜಗ್ಗಾಡುತ್ತಿದ್ದಾರೆ.